ಗಾದಿ ಮನೆಯ ಕೆಮ್ಮು

ಮೊದಲೇ ಹೇಳಿಬಿಡುತ್ತೇನೆ, ನನ್ನ ತೂಕ ಈಗ ಐವತ್ತಮೂರು ಕೆಜಿ. ಹೋದ ವಾರ ಬೇರೊಬ್ಬರನ್ನು ಕರೆದುಕೊಂಡು ಬೈಲಹೊಂಗಲದ ದವಾಖಾನೆಗೆ ಹೋಗಿದ್ದೆ. ತೂಕದ ಮಷೀನು ಖಾಲಿ ಇತ್ತು, ಚಪ್ಪಲಿ ಬಿಟ್ಟು ಹತ್ತಿ ನಿಂತೆ. ಮೂರು ವರ್ಷದ ಹಿಂದೆ ಇದೇ ಮಷೀನು ನನ್ನನ್ನು ಮೂವತ್ತಾರು ಎಂದಿತ್ತು. ಮುಳ್ಳು ಐವತ್ತಮೂರಕ್ಕೆ ಹೋಗಿ ನಿಂತಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಬ್ಬಳೇ ನಕ್ಕೆ.

ಅಮನ್, ಸಾನಿಯಾ, ಆ ದಿನಗಳು ನಿಮಗೆ ನೆನಪಿರಲಿಕ್ಕಿಲ್ಲ. ಅಮನ್ ಆಗ ಎರಡನೇ ಇಯತ್ತೆ. ಸಾನಿಯಾ ಇನ್ನೂ ನನ್ನ ಸೆರಗು ಹಿಡಿದು ನಡೆಯುತ್ತಿದ್ದಳು. ನಿಮ್ಮ ಅಕ್ಕ ರೇಷ್ಮಾಗೆ ಎಲ್ಲ ನೆನಪಿದೆ, ಆದರೆ ಅವಳು ಹೇಳುವುದಿಲ್ಲ. ಹೇಳಿದರೆ ತನ್ನನ್ನು ತಾನೇ ಹೊಗಳಿಕೊಂಡಂತಾಗುತ್ತದಂತೆ. ಅದಕ್ಕೇ ನಿಮ್ಮ ಆಯಿ, ನಿಮ್ಮಪ್ಪನ ಅವ್ವ, ನಾನು ಬರೆಯುತ್ತಿದ್ದೇನೆ. ಹೂಲಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು ನಾನು. ಅಕ್ಷರ ತಪ್ಪಿದ್ದಲ್ಲಿ ರೇಷ್ಮಾ ತಿದ್ದಿದ್ದಾಳೆ, ಮಾತು ಮಾತ್ರ ನನ್ನವೇ. ಕಾಯಿಲೆ ಬಂದದ್ದು ನನಗೆ, ಸಾಲೆ ತಪ್ಪಿದ್ದು ಅವಳಿಗೆ. ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜಿ ಗಾದಿ ತುಂಬುವುದು ನಮ್ಮ ಕಸುಬು. ನಿಮ್ಮ ಅಜ್ಜ ಆ ವರ್ಷ ಮುಂಗಾರಿಗೆ ಮುಂಚೆ ತೀರಿಕೊಂಡರು. ಮಧ್ಯಾಹ್ನ ಗಾದಿಗೆ ಟಾಕು ಹಾಕುತ್ತ ಕುಳಿತವರು, ಕೈಯಲ್ಲಿ ಸೂಜಿ ಇದ್ದಂತೆಯೇ ವಾಲಿದರು. ಅಂದಿನಿಂದ ನಾನು ಇದ್ದತ ಹಿಡಿದೆ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಹೊಸ್ತಿಲು ದಾಟದೆ ಮನೆಯಲ್ಲೇ ಇರುವುದು ನಮ್ಮಲ್ಲಿಯ ಪದ್ಧತಿ. ನನಗದು ಕಷ್ಟವೆನಿಸಲಿಲ್ಲ. ನಾನು ಮೊದಲಿನಿಂದಲೂ ಪರದೆಯ ಹಿಂದೆ ನಿಂತೇ ಜಗತ್ತನ್ನು ನೋಡಿದವಳು.

ಕಷ್ಟವಾದದ್ದು ಮನೆಗೆ. ನಿಮ್ಮಪ್ಪ ಮೌಲಾ ಹತ್ತಿಯ ಗಂಟು ಹೊತ್ತು ಸಂಪಗಾಂವ, ಚಚಡಿ ಕಡೆ ಗಾದಿ ತುಂಬಲು ಹೋದರೆ ಮೂರು ದಿನ ಬರುತ್ತಿರಲಿಲ್ಲ. ನಿಮ್ಮವ್ವ ಶೈನಾಜ ಬೆಳಗ್ಗೆ ಏಳಕ್ಕೇ ಹೊಲದ ಕೂಲಿಗೆ ಹೋಗುತ್ತಿದ್ದಳು. ನೀರಿನ ನಳ ರಸ್ತೆಯಾಚೆ. ಅದು ಬರುವುದೇ ಹತ್ತರ ಹೊತ್ತಿಗೆ. ಸಾಲೆಯ ಗಂಟೆಯೂ ಹತ್ತಕ್ಕೇ. ನಾನು ಹೊಸ್ತಿಲು ದಾಟುವಂತಿಲ್ಲ. ಒಂಬತ್ತನೇ ಇಯತ್ತೆಯ ರೇಷ್ಮಾ ವಾರಕ್ಕೆ ಒಂದು ದಿನ ಮನೆಯಲ್ಲಿ ಉಳಿದಳು, ಆಮೇಲೆ ಎರಡು ದಿನ. ಯಾರೂ ಅವಳಿಗೆ "ಸಾಲೆ ಬಿಡು" ಎನ್ನಲಿಲ್ಲ. ಕೊಡ ಅವಳ ಕೈಗೆ ಸಿಗುವಂತೆ ಇಟ್ಟೆವು, ಅಷ್ಟೇ.

ಎರಡು ತಿಂಗಳಾಗುವುದರೊಳಗೆ ನನಗೆ ಕೆಮ್ಮು ಹತ್ತಿತು. ಗಾದಿ ಮನೆಯಲ್ಲಿ ಕೆಮ್ಮಿಗೆ ಯಾರೂ ತಿರುಗಿ ನೋಡುವುದಿಲ್ಲ. ಹತ್ತಿಯ ಧೂಳು, ಬೆಲ್ಲ ತಿಂದರೆ ಇಳಿಯುತ್ತದೆ ಎನ್ನುತ್ತೇವೆ. ಬೆಲ್ಲ ತಿಂದೆ. ರಾತ್ರಿ ಬೆವರಿ ರವಿಕೆ ತೋಯುತ್ತಿತ್ತು. ಬಳೆ ಬಿಚ್ಚಿಟ್ಟ ಕೈ ದಿನದಿನಕ್ಕೂ ತೆಳ್ಳಗಾಗುತ್ತಿತ್ತು. ದುಃಖಕ್ಕೆ ಸೊರಗಿದ್ದಾಳೆ ಎಂದರು ನೋಡಲು ಬಂದ ಹೆಂಗಸರು. ನಾನೂ ಹಾಗೇ ತಿಳಿದೆ. ಇದ್ದತದಲ್ಲಿ ದವಾಖಾನೆಗೂ ಹೋಗಬಾರದೆಂದು ನನ್ನಷ್ಟಕ್ಕೆ ನಾನೇ ನಂಬಿದ್ದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಯಾರನ್ನೂ ಕೇಳಲು ಬಾಯಿ ಬರಲಿಲ್ಲ.

ಒಂದು ದಿನ ಬಾಗಿಲಿಗೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಗಂಗವ್ವ ಬಂದಳು. ಅಂದು ಮಳೆಗೆ ಕೂಲಿಯಿಲ್ಲದೆ ಶೈನಾಜ ಮನೆಯಲ್ಲಿದ್ದಳು.

"ಮನಿಯಾಗ ಯಾರಿಗರೆ ಎರಡ ವಾರದಿಂದ ಕೆಮ್ಮ ಐತೇನ್ರಿ?"

"ಇಲ್ಲ ಬಿಡ್ರಿ," ಎಂದಳು ಶೈನಾಜ. "ಹತ್ತಿ ಮನಿ. ಧೂಳಿಗೆ ಒಮ್ಮೊಮ್ಮೆ ಎಲ್ಲಾರೂ ಕೆಮ್ಮತೇವಿ."

ಒಳಗಿನಿಂದ ರೇಷ್ಮಾ ಬಂದಳು. "ಆಯಿಗೆ ಐತ್ರಿ. ಎರಡ ವಾರ ಅಲ್ರಿ, ಎರಡ ತಿಂಗಳಾತು."

"ನಿನ್ನ ಯಾರ ಕೇಳಿದ್ರು?"

"ಅವರೇ ಕೇಳಿದ್ರಲ್ಲ ಅವ್ವಾ."

ಗಂಗವ್ವ ಪರದೆಯ ಕಡೆ ತಿರುಗಿ, ದವಾಖಾನೆಗೆ ಬರುವಂತೆ ಕರೆದಳು. ಇದ್ದತ ಮುಗಿಯುವವರೆಗೆ ಬರುವುದಿಲ್ಲವೆಂದು ನಾನು ರೇಷ್ಮಾಳ ಕಿವಿಯಲ್ಲಿ ಹೇಳಿ ಕಳಿಸಿದೆ. ಗಂಗವ್ವ ನಕ್ಕಳು.

"ಹಂಗಾರ ನೀವು ಬರಬ್ಯಾಡ್ರಿ ಬೀಬಿ. ನಿಮ್ಮ ಕಫಾ ಬರಲಿ. ಅದಕ್ಕೇನು ಇದ್ದತ ಇಲ್ಲಲ್ಲ?"

ಮರುದಿನ ಬೆಳಗ್ಗೆ ಅವಳು ಕೊಟ್ಟಿದ್ದ ಸಣ್ಣ ಡಬ್ಬಿಯಲ್ಲಿ ಕಫ ತುಂಬಿ, ಅವಳು ತೋರಿಸಿದಂತೆ ಮುಚ್ಚಳ ಬಿಗಿದು ಚೀಲದಲ್ಲಿ ಕಟ್ಟಿದೆವು. ಅದನ್ನು ದವಾಖಾನೆಗೆ ಮುಟ್ಟಿಸಿದವಳು ರೇಷ್ಮಾ. ಸಾಲೆಯ ಚೀಲದಲ್ಲಿ ಇಟ್ಟುಕೊಂಡು ಹೋದಳು. ಪುಸ್ತಕಗಳನ್ನು ತೆಗೆದು ಮನೆಯಲ್ಲಿ ಇಟ್ಟಿದ್ದಳು. ಆ ಚೀಲದಿಂದ ಪುಸ್ತಕ ಹೊರಗೆ ಬಂದದ್ದನ್ನು ನಾನು ಕಂಡೆ, ಸುಮ್ಮನಿದ್ದೆ.

ಟಿಬಿ ಎಂದು ಬಂತು. ಇದ್ದತ ಮುಗಿಯಲು ಇನ್ನೂ ಒಂಬತ್ತು ದಿನ ಉಳಿದಿತ್ತು. ಇಷ್ಟು ದಿನ ತಡೆದವಳಿಗೆ ಒಂಬತ್ತು ದಿನ ಹೆಚ್ಚೇನಲ್ಲ ಎಂದೆ. ಮೌಲಾ ಮಸೀದಿಗೆ ಹೋಗಿ ನಮಾಜು ನಡೆಸುವ ಹಜರತರನ್ನು ಕೇಳಿ ಬಂದ. ಮುಖ ಕೆಂಪಾಗಿತ್ತು.

"ಅವ್ವಾ, ಅವರು ನನಗ ಬೈದ್ರು. ಬ್ಯಾನಿ ಬಂದ್ರ ದವಾಖಾನಿಗೆ ಹೋಗಾಕ ಮೊದಲಿಂದಲೂ ಅಡ್ಡಿ ಇರಲಿಲ್ಲಂತ. ಇಷ್ಟ ದಿನಾ ಯಾಕ ಕೇಳಲಿಲ್ಲ ಅಂದ್ರು."

ಯಾಕೆ ಕೇಳಲಿಲ್ಲ? ಮಕ್ಕಳೇ, ನನ್ನ ಕಾಯಿಲೆಯ ಅರ್ಧ ಕಥೆ ಇದೇ.

ದವಾಖಾನೆಯ ಬಾಕಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಅಂಟಿ ಕುಳಿತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ಪಕ್ಕದಲ್ಲಿ ಸವದತ್ತಿ ಕಡೆಯ ಒಬ್ಬ ಮುದುಕಿ, ಹಣೆ ತುಂಬ ವಿಭೂತಿ, ಕೈಯಲ್ಲಿ ನನ್ನದರಂಥದೇ ಟಿಬಿ ಚಿಕಿತ್ಸೆಯ ಕಾರ್ಡು. ನನ್ನ ಕಾರ್ಡಿನ ಮೇಲೆ ಕಣ್ಣು ಹಾಯಿಸಿ, "ಹೊಸದಾಗಿ ಬಂದೀಯೇನ?" ಎಂದಳು, ಸಾಲೆಗೆ ಹೊಸದಾಗಿ ಸೇರಿದವರನ್ನು ಕೇಳುವಂತೆ. ನಾನು ತಲೆಯಾಡಿಸಿದೆ.

"ನಂದು ನಾಕನೇ ತಿಂಗಳ ನಡದೈತಿ. ಮೊದಲ ಅರ್ಧ ರೊಟ್ಟಿ ಒಲ್ಲೆ ಅಂತಿದ್ದೆ. ಈಗ ಎರಡ ತಿಂದು, ಮೂರನೇದು ಸೊಸಿ ಮಾರಿ ನೋಡಿ ಬಿಡತೇನಿ."

ಅವಳ ಹೆಸರು ಕೇಳಲಿಲ್ಲ. ಆಮೇಲೆ ಮತ್ತೆ ಸಿಗಲೂ ಇಲ್ಲ. ಆದರೆ ಬದುಕುತ್ತೇನೆಂದು ನನಗೆ ಮೊದಲು ನಂಬಿಕೆ ಬಂದದ್ದು ಡಾಕ್ಟರರ ಮಾತಿನಿಂದಲ್ಲ, ಅವಳ ಆ ಮೂರನೇ ರೊಟ್ಟಿಯಿಂದ.

ಮನೆಯಲ್ಲಿ ಎಲ್ಲರ ತಪಾಸಣೆಯೂ ಆಯಿತು. ದೇವರ ದಯೆ, ಯಾರಿಗೂ ತಗುಲಿರಲಿಲ್ಲ. ನಿಮಗೆಲ್ಲ ಮುಂಜಾಗ್ರತೆಯ ಔಷಧಿ ಕೊಟ್ಟರು. ಸಾನಿಯಾ ಮೊದಲ ದಿನ ಅದನ್ನು ಗಂಗವ್ವನ ಗುಲಾಬಿ ಸೀರೆಯ ಮೇಲೆಯೇ ಉಗುಳಿದಳು. ಶೈನಾಜ ಒಂದು ಮಾತು ಹಾಕಿದಳು: ಊರಿಗೆ ತಿಳಿಯಬಾರದು.

"ಅತ್ತಿ, ಸಿಟ್ಟಾಗಬ್ಯಾಡ್ರಿ. ಟಿಬಿ ಮನಿಯಾಗ ತುಂಬಿದ ಗಾದಿ ಮ್ಯಾಲ ಯಾರು ಮಕ್ಕೋತಾರ? ಇದೊಂದ ಕಸುಬ ಐತಿ ನಮಗ."

ಅವಳು ಹೇಳಿದ್ದು ಸುಳ್ಳಲ್ಲ. ಸಿಟ್ಟೂ ಬರಲಿಲ್ಲ. ಮಾತು ಕಟುವಾಗಿದ್ದರೂ ದಿನಾ ನನ್ನ ತಾಟಿನಲ್ಲಿ ಒಂದು ಕುದಿಸಿದ ತತ್ತಿ ಇರುತ್ತಿತ್ತು. ತನ್ನ ತಾಟಿನಲ್ಲಿ ಇರುತ್ತಿರಲಿಲ್ಲ. ನಿಮ್ಮವ್ವನ ಬಗ್ಗೆ ಯಾರಾದರೂ ಏನಾದರೂ ಅಂದರೆ ಆ ತತ್ತಿಯನ್ನು ನೆನೆಯಿರಿ.

ಗುಳಿಗೆ ಶುರುವಾದ ಮೇಲೆ ವಾಂತಿ, ತಲೆಸುತ್ತು. ಒಮ್ಮೆ ಬಚ್ಚಲಲ್ಲಿ ಬಿದ್ದೆ. ಅಂದಿನಿಂದ ರೇಷ್ಮಾ ಸಾಲೆಗೆ ಹೋಗುವುದನ್ನೇ ಪೂರ್ತಿ ಬಿಟ್ಟಳು. ಹತ್ತಿ ಬಿಡಿಸುವ ಸುಗ್ಗಿ, ಶೈನಾಜಳ ಕೂಲಿ ತಪ್ಪಿಸುವಂತಿರಲಿಲ್ಲ. ನನ್ನನ್ನು ನೋಡಿಕೊಳ್ಳುವುದು, ಸಾನಿಯಾಳನ್ನು ಎತ್ತಿಕೊಳ್ಳುವುದು, ಗಾದಿ ಕೇಳಿ ಬಂದವರನ್ನು ಹೊರಗಿನಿಂದಲೇ ಕಳಿಸುವುದು, ಎಲ್ಲ ಅವಳ ಪಾಲಿಗೆ ಬಂತು.

ನಡುವೆ ಒಂದು ತಮಾಷೆಯೂ ನಡೆಯಿತು. ಗುಳಿಗೆ ತೆಗೆದುಕೊಂಡ ದಿನದಿಂದ ನನಗೆ ಮೂತ್ರ ಕೆಂಪಗೆ ಹೋಗತೊಡಗಿತು. ಕರುಳು ಕರಗಿ ಹೋಗುತ್ತಿದೆ ಎಂದುಕೊಂಡೆ. ಮೂರು ದಿನ ಯಾರಿಗೂ ಹೇಳದೆ, ಮನಸ್ಸಿನಲ್ಲೇ ಎಲ್ಲರಿಗೂ ವಿದಾಯ ಹೇಳಿ, ಪೆಟ್ಟಿಗೆಯಲ್ಲಿದ್ದ ಹೊಸ ಸೀರೆಯನ್ನು ರೇಷ್ಮಾಳ ಕೈಗೆ ಕೊಟ್ಟೆ. "ಇದ್ಯಾಕ ಆಯಿ?" ಎಂದಳು. ಅಳುತ್ತ ಕಾರಣ ಹೇಳಿದೆ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಆಯಿ, ಅದು ಗುಳಿಗಿ ಬಣ್ಣಾ! ಡಾಕ್ಟರ್ ಹೇಳಿದ್ರು, ನೀ ಸೆರಗಿನಾಗ ಮಾರಿ ಮುಚ್ಚಿಕೊಂಡ ಕುಂತಿದ್ದಿ. ಸೀರಿ ಮಾತ್ರ ತಿರುಗಿ ಕೊಡಂಗಿಲ್ಲ."

ಕೊಡಲೂ ಇಲ್ಲ.

ಸಾಲೆಯಿಂದ ಪಾಲಕರ ಸಭೆಗೆ ಬನ್ನಿರೆಂದು ಚೀಟಿ ಬರುತ್ತಿತ್ತು. ಮೂರು ಬಂದವು. ಮೌಲಾ ಊರಲ್ಲಿರಲಿಲ್ಲ, ಶೈನಾಜ ಹೊಲದಲ್ಲಿದ್ದಳು, ನಾನು ಪರದೆಯ ಹಿಂದೆ. ಚೀಟಿಗಳನ್ನು ರೇಷ್ಮಾ ಮಡಿಚಿ ಗಡಿಯಾರದ ಹಿಂದೆ ಇಡುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಟೀಚರು ಶೋಭಾ ಅಕ್ಕೋರು ತಾವೇ ಬಂದರು. ರೇಷ್ಮಾ ಬಾಗಿಲಲ್ಲಿ ಅಡ್ಡ ನಿಂತಳು. ಪರದೆಯ ಹಿಂದೆ ನಾನು ಸೆರಗು ಬಾಯಿಗೆ ಒತ್ತಿ ಕೆಮ್ಮು ತಡೆದೆ.

"ನೀ ಸಾಲಿಗೆ ಬಾರದ ತಿಂಗಳ ಮ್ಯಾಲಾತಲ್ಲವಾ. ಏನಾಗೇತಿ?"

"ಏನಿಲ್ರಿ ಅಕ್ಕೋರ."

"ಮನಿಯಾಗ ಲಗ್ನದ ಮಾತು ನಡದೈತೇನ? ಖರೇ ಹೇಳು. ಹೆದರಬ್ಯಾಡ."

ರೇಷ್ಮಾ ಉತ್ತರ ಕೊಡಲಿಲ್ಲ. ಇಲ್ಲ ಎಂದರೆ ಮತ್ತೇಕೆ ಬರುತ್ತಿಲ್ಲ ಎಂದು ಕೇಳುತ್ತಾರೆ. ನಿಜ ಹೇಳದಂತೆ ನಾವು ಅವಳ ಬಾಯಿ ಕಟ್ಟಿದ್ದೆವು. ಅಕ್ಕೋರು ನಿಟ್ಟುಸಿರು ಬಿಟ್ಟರು. "ಇನ್ನೊಂದ ತಿಂಗಳ ಹಿಂಗ ಹೋದ್ರ ಹತ್ತನೇ ಇಯತ್ತೆ ಕೈ ಬಿಟ್ಟಂಗ. ನಿನ್ನಂಥಾಕಿ ಹಿಂಗ ಆಗಬಾರದವಾ," ಎಂದರು.

ಎರಡು ಹೆಜ್ಜೆ ದಾಟಿದರೆ ನಾನು ಅವರೆದುರು ಇರುತ್ತಿದ್ದೆ. ಪರದೆಯ ಅಂಚು ಹಿಡಿದಿದ್ದೆ ಕೂಡ. ಆದರೆ ಸರಿಸಲಿಲ್ಲ. ಅಕ್ಕೋರ ಚಪ್ಪಲಿಯ ಸಪ್ಪಳ ಓಣಿಯ ಕೊನೆಗೆ ಹೋಗುವವರೆಗೂ ಹಾಗೇ ನಿಂತೆ. ರೇಷ್ಮಾ ಒಳಗೆ ಬಂದು ಗುಳಿಗೆಯ ಡಬ್ಬಿ ಒರೆಸಿ ಇಟ್ಟಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವತ್ತು ನನ್ನ ತವರು ಹೂಲಿ ನೆನಪಾಯಿತು. ನನ್ನವ್ವ ಬಾಣಂತಿಯಾಗಿ ಹಾಸಿಗೆ ಹಿಡಿದಾಗ, "ಎಂಟ ದಿನ ಮನಿಯಾಗ ಇರು" ಎಂದಿದ್ದರು ಅಪ್ಪ. ಮಾಸ್ತರರು ಒಮ್ಮೆ ಬಂದು ಕೇಳಿದರು. ಒಳಗಿನಿಂದ ಯಾರೂ ಮಾತಾಡಲಿಲ್ಲ. ಆ ಎಂಟು ದಿನ ಇನ್ನೂ ಮುಗಿದಿಲ್ಲ.

ಎರಡು ತಿಂಗಳ ಗುಳಿಗೆ ಮುಗಿಸಿ ಮತ್ತೆ ಕಫ ಕೊಟ್ಟೆ. ಈ ಸಲ ನಾನೇ ಒಯ್ದೆ. ಡಾಕ್ಟರರು ಕಾಗದ ನೋಡಿ, "ಕಫಾ ಸ್ವಚ್ಛ ಐತ್ರಿ. ನಿಮ್ಮಿಂದ ಇನ್ನ ಯಾರಿಗೂ ಹರಡಂಗಿಲ್ಲ. ಆದ್ರ ಇನ್ನೂ ನಾಕ ತಿಂಗಳ ಗುಳಿಗಿ ಒಂದ ದಿನಾನೂ ತಪ್ಪಿಸಬ್ಯಾಡ್ರಿ," ಎಂದರು. ನಾನು ಮೊದಲ ಬಾರಿಗೆ ಸೆರಗು ಇಳಿಸಿ ಅವರನ್ನು ಒಂದು ಪ್ರಶ್ನೆ ಕೇಳಿದೆ: "ನಾ ಸಾಲಿಗೆ ಹೋಗಬಹುದೇನ್ರಿ?"

ಅವರು ತಬ್ಬಿಬ್ಬಾದರು. "ಈ ವಯಸ್ಸಿನ್ಯಾಗ?"

"ಮಮ್ಮಗಳ ಸಾಲಿಗ್ರಿ. ಸಭಾ ಐತಿ."

"ಧಾರಾಳ ಹೋಗ್ರಿ," ಎಂದು ನಕ್ಕರು.

ಮನೆಯಲ್ಲಿ ಶೈನಾಜ ನಗಲಿಲ್ಲ. "ಅತ್ತಿ, ನಿಮಗ ಅಂಗಡಿಯಾಗ ಉಪ್ಪ ಕೇಳಾಕ ನಾಚಿಕಿ. ಅಷ್ಟ ಮಂದ್ಯಾಗ ಏನಂತ ಮಾತಾಡ್ತೀರಿ?"

"ಮಾತಾಡಂಗಿಲ್ಲ. ಓದತೇನಿ," ಎಂದೆ.

ರೇಷ್ಮಾಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು, ನಾಲ್ಕನೇ ಇಯತ್ತೆಯ ಅಕ್ಷರದಲ್ಲಿ ಬರೆದೆ. ಎರಡು ದಿನ ಬೇಕಾಯಿತು. ಹೊಸದಾಗಿ ಬಂದು ಗಡಿಯಾರದ ಹಿಂದೆ ಸೇರಿದ್ದ ನಾಲ್ಕನೇ ಚೀಟಿಯನ್ನು ತೆಗೆದುಕೊಂಡು, ಆ ಹಾಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಬ್ಬಳೇ ಹೋದೆ. ಸಾಲೆಯ ಗೇಟಿನ ಮುಂದೆ ಒಮ್ಮೆ ತಿರುಗಿ ನಡೆದದ್ದೂ ಉಂಟು. ಹತ್ತು ಹೆಜ್ಜೆ ಹೋಗಿ ವಾಪಸು ಬಂದೆ.

ವರ್ಗದ ಕೋಣೆಯಲ್ಲಿ ಮೂವತ್ತು ಮಂದಿ ಇದ್ದರೇನೋ. ಸಣ್ಣ ಬಾಕುಗಳಲ್ಲಿ ದೊಡ್ಡವರು ಮೊಣಕಾಲು ಮಡಿಚಿಕೊಂಡು ಕುಳಿತಿದ್ದರು. ಅಕ್ಕೋರು ರೇಷ್ಮಾಳ ಹೆಸರು ಕೂಗಿ, ಯಾರೂ ಬಂದಿರುವುದಿಲ್ಲವೆಂದು ಮುಂದಿನ ಹೆಸರಿಗೆ ಹೋಗುವುದರಲ್ಲಿದ್ದರು.

"ಬಂದೇನ್ರಿ," ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು.

ಎದ್ದು ನಿಂತೆ. ಸೆರಗಿನ ಗಂಟು ಬಿಚ್ಚಿ ಹಾಳೆ ತೆಗೆದೆ. ಅಕ್ಷರದ ಮೇಲೆ ಬೆರಳಿಟ್ಟು, ಸಾಲೆಯ ಹುಡುಗಿಯಂತೆ ಒಂದೊಂದೇ ಶಬ್ದ ಓದಿದೆ. "ನಮ್ಮ ರೇಷ್ಮಾಳ ಲಗ್ನ ಮಾಡುತ್ತಿಲ್ಲ. ನನಗೆ ಟಿಬಿ ಆಗಿತ್ತು. ಜನ ನಮ್ಮ ಗಾದಿ ಒಯ್ಯುವುದಿಲ್ಲ ಎಂದು ನಾವು ಮುಚ್ಚಿಟ್ಟೆವು. ಅವಳ ಬಾಯಿಯನ್ನೂ ಮುಚ್ಚಿಸಿದೆವು. ಅವಳು ನನ್ನನ್ನು ಕಾದಳು. ಈಗ ನನ್ನಿಂದ ಯಾರಿಗೂ ಹರಡುವುದಿಲ್ಲ. ನಾಳೆಯಿಂದ ಅವಳು ಸಾಲೆಗೆ ಬರುತ್ತಾಳೆ. ಅವಳನ್ನು ಹತ್ತನೇ ಇಯತ್ತೆಗೆ ಹಾಕಿರಿ."

ನನ್ನ ಬಾಕಿನಲ್ಲಿದ್ದ ಹೆಂಗಸು ನಿಧಾನವಾಗಿ ಆಚೆ ಸರಿದಳು. ನೋವಾಯಿತು, ಆದರೆ ಕುಳಿತುಕೊಳ್ಳಲಿಲ್ಲ. ಆಗ ಹಿಂದಿನ ಬಾಕಿನಿಂದ ದಪ್ಪಗಿನ ಒಬ್ಬ ಹೆಣ್ಣುಮಗಳು, ಚನ್ನವ್ವ ಅಂತ, ಎದ್ದು ಬಂದು ಖಾಲಿಯಾದ ಜಾಗದಲ್ಲಿ ಧಪ್ಪನೆ ಕುಳಿತಳು.

"ನಮ್ಮ ಮಾವಗೂ ಅದೇ ಇತ್ರಿ ಅಕ್ಕೋರ. ನಾನೂ ಹೇಳಿರಲಿಲ್ಲ. ಹೋದ ವರ್ಷ ನಮ್ಮ ಮಲ್ಲಪ್ಪ ಸಾಲಿ ತಪ್ಪಿಸಿದ್ದು ಆಟಕ್ಕಲ್ರಿ, ಅವರನ್ನ ಸಂಭಾಳಸಾಕ. ನೀವು ಬಡದ್ರಿ. ನಾ ಸುಮ್ಮನಿದ್ದೆ."

ಅಕ್ಕೋರು ಪಾಲಕರ ಸಹಿಯ ಪುಸ್ತಕವನ್ನು ನನ್ನ ಮುಂದೆ ತಂದಿಟ್ಟರು. ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿಯನ್ನೂ ತಂದಿದ್ದರು. "ಪೆನ್ನ ಕೊಡ್ರಿ," ಎಂದೆ. ಹಸೀನಾ ಎಂದು ಬರೆದೆ.

ಮರುದಿನ ನಳದ ಕೆಲಸ ನನ್ನದಾಯಿತು, ಕೊಡವಲ್ಲ, ಸಣ್ಣ ಬಿಂದಿಗೆ. ಗುಳಿಗೆಯನ್ನು ಬೆಳಗ್ಗೆ ಏಳಕ್ಕೆ ರೇಷ್ಮಾಳ ಎದುರಿಗೇ ನುಂಗಿ ಬಾಯಿ ತೆರೆದು ತೋರಿಸುತ್ತಿದ್ದೆ. "ಜಾಣಿ," ಎಂದು ಹೇಳಿ ಅವಳು ಸಾಲೆಗೆ ಹೋಗುತ್ತಿದ್ದಳು. ಸಂಜೆ ಅಕ್ಕೋರು ತಪ್ಪಿದ ಪಾಠ ಹೇಳಿಕೊಟ್ಟರು. ಚೀಲದಲ್ಲಿ ಮತ್ತೆ ಪುಸ್ತಕ ತುಂಬಿದವು.

ಶೈನಾಜ ಹೆದರಿದ್ದೂ ನಡೆಯಿತು. ಸಂಪಗಾಂವದ ಒಂದು ಮನೆಯವರು ತುಂಬಿದ ಗಾದಿಯನ್ನು ವಾಪಸು ತಂದು ಬಾಗಿಲಲ್ಲಿ ಇಟ್ಟು ಹೋದರು. ಅವಳು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ತತ್ತಿ ಮಾತ್ರ ತಪ್ಪಲಿಲ್ಲ. ಐದನೇ ದಿನ ಚನ್ನವ್ವ ಹಳೆಯ ಗಾದಿಯೊಂದನ್ನು ಗಾಡಿಯಲ್ಲಿ ಹಾಕಿಸಿಕೊಂಡು ಬಂದಳು.

"ಇದನ್ನ ಬಿಚ್ಚಿ ಹೊಸದಾಗಿ ತುಂಬಿ ಕೊಡ್ರಿ. ನನ್ನ ಮಗಳ ಬಾಣಂತನಕ್ಕ."

ಶೈನಾಜ ದಂಗಾದಳು. "ನಿಮಗ ಗೊತ್ತೈತಲ್ರಿ, ನಮ್ಮ ಮನಿಯಾಗ..."

"ಗೊತ್ತೈತಿ ಅಂತನೇ ಬಂದೇನಿ. ಗಾದಿ ತುಂಬಾವ್ರು ಎಲ್ಲಾರೂ ಹೊಸಾ ಹತ್ತಿ ಅಂತ ಹೇಳಿ ಒಳಗ ಹಳೇದ ತುರುಕತಾರ. ಬಿಚ್ಚಿ ನೋಡಾವ್ರ ಯಾರು? ನಿಮ್ಮತ್ತಿ ಮೂವತ್ತ ಮಂದಿ ಮುಂದ ಟಿಬಿ ಐತಿ ಅಂತ ಹೇಳಿದಾಕಿ. ಅಕಿ ಹತ್ತಿ ವಿಷಯದಾಗ ಸುಳ್ಳ ಹೇಳತಾಳ?"

ಆ ಮಾತು ಓಣಿಯಿಂದ ಓಣಿಗೆ ಹೋಯಿತು. ಈಗಲೂ ಗಾದಿ ತುಂಬಿಸಲು ಬರುವವರು, "ಖರೇ ಹೇಳೂ ಮುದುಕಿ ಮನಿ ಯಾವದ್ರಿ?" ಎಂದು ಕೇಳಿಕೊಂಡು ಬರುತ್ತಾರೆ. ಸಂಪಗಾಂವದವರೂ ಮತ್ತೆ ಬಂದರು. ಶೈನಾಜ ಅವರಿಗೆ ಚಹಾ ಕೊಟ್ಟಳು, ಸಕ್ಕರೆ ಸ್ವಲ್ಪ ಕಡಿಮೆ ಹಾಕಿ.

ನನ್ನ ಕೊನೆಯ ಗುಳಿಗೆ ಮತ್ತು ರೇಷ್ಮಾಳ ಪರೀಕ್ಷೆ ಹೆಚ್ಚು ಕಡಿಮೆ ಒಟ್ಟಿಗೇ ಮುಗಿದವು. ಇಬ್ಬರೂ ಪಾಸಾದೆವು. ಅವಳು ಹತ್ತನೆಯದನ್ನೂ ದಾಟಿ ಈಗ ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ನಾನು ಕೊಟ್ಟ ಸೀರೆಯನ್ನು ಕಾಲೇಜಿನ ಕಾರ್ಯಕ್ರಮಕ್ಕೆ ಉಟ್ಟುಕೊಂಡು ಹೋಗಿದ್ದಳು. ಅಮನ್, ಸಾನಿಯಾ, ನಿಮ್ಮ ಸಾಲೆಯ ಪಾಲಕರ ಸಭೆಗೆ ಯಾವಾಗಲೂ ಈ ಆಯಿಯೇ ಯಾಕೆ ಬರುತ್ತಾಳೆ, ಅದೂ ಮುಂದಿನ ಬಾಕಿಗೇ, ಎಂದು ಕೇಳುತ್ತಿದ್ದಿರಲ್ಲ? ಇದಕ್ಕೇ.

ಇನ್ನು ಹೋದ ವಾರದ ಮಾತು. ಎಂಟನೇ ಇಯತ್ತೆಯ ಒಬ್ಬ ಹುಡುಗಿ ಒಂದು ತಿಂಗಳಿಂದ ಬರುತ್ತಿಲ್ಲ ಎಂದರು ಶೋಭಾ ಅಕ್ಕೋರು. ನಾನೂ ಗಂಗವ್ವನೂ ಆ ಹುಡುಗಿಯ ಮನೆಗೆ ಹೋದೆವು. ಹುಡುಗಿ ಬಾಗಿಲಲ್ಲಿ ಅಡ್ಡ ನಿಂತಳು. ಏನಿಲ್ರಿ ಎಂದಳು. ಅವಳ ಹಿಂದೆ ಹಳೆಯ ಸೀರೆಯ ಪರದೆ. ಪರದೆಯ ಕೆಳಗೆ ಎರಡು ಸಣಕಲು ಪಾದ. ಯಾರೋ ಬಾಯಿಗೆ ಬಟ್ಟೆ ಒತ್ತಿ ಕೆಮ್ಮು ತಡೆಯುವ ಸಪ್ಪಳ ನನಗೆ ಚೆನ್ನಾಗಿ ಗೊತ್ತು.

ನಾನು ಹುಡುಗಿಯನ್ನು ಏನೂ ಕೇಳಲಿಲ್ಲ. ಹೊರಕಟ್ಟೆಯ ಮೇಲೆ ಕುಳಿತು, ಆ ಪಾದಗಳಿಗೆ ಕೇಳುವಂತೆ ಹೇಳಿದೆ:

"ನಂದೂ ಹಿಂಗೇ ಆಗಿತ್ತವಾ. ಮೂವತ್ತಾರ ಕಿಲೋ ಇದ್ದೆ. ಈಗ ಮೂರ ರೊಟ್ಟಿ ತಿಂತೇನಿ, ಸೊಸಿ ಮಾರಿನೂ ನೋಡಂಗಿಲ್ಲ."

ಒಳಗಿನಿಂದ ನಗುವೋ ಕೆಮ್ಮೋ ತಿಳಿಯದಂಥ ಒಂದು ಸಪ್ಪಳ. ಪರದೆಯ ಅಂಚಿನಲ್ಲಿ ನಾಲ್ಕು ಬೆರಳು ಕಾಣಿಸಿದವು. ಪರದೆ ಸರಿಯಿತು.

"ಒಳಗ ಬರ್ರಿ," ಎಂದಳು ಆಕೆ.